ಗಾಳದ ಎರೆಗೆ ಮೀನು ಏಕೆ ಬರುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕೆರೆ ಏರಿ ಮೇಲೆ ಗಾಳ ಹಾಕಿ ಕೂತವರನ್ನು ದಾರಿಯಲ್ಲಿ ಹೋಗುವವರು ಎರಡೇ ಪ್ರಶ್ನೆ ಕೇಳುತ್ತಾರೆ: "ಏನಾದ್ರೂ ಬಿತ್ತಾ?", "ಏನ್ ಹಾಕಿದ್ದೀರಿ?" ಎರಡನೆಯದಕ್ಕೆ ಉತ್ತರ ಹುಡುಕುತ್ತಾ ನನ್ನ ಎಷ್ಟೋ ಭಾನುವಾರಗಳು ಕಳೆದಿವೆ. ಮಂಡ್ಯ ಕಡೆಯ ಕೆರೆಗಳಲ್ಲಿ ಸೋದರಮಾವನ ಪಕ್ಕ ಕೂತು ಕಲಿತದ್ದು, ಆಮೇಲೆ ಕೆಲಸದ ಮೇಲೆ ಕರಾವಳಿಯಲ್ಲಿದ್ದಾಗ ಅಳಿವೆಯ ಬಾಯಲ್ಲಿ ನೋಡಿದ್ದು, ಮೀನಿನ ದೇಹರಚನೆಯ ಬಗ್ಗೆ ಓದಿ ತಿಳಿದದ್ದು ಎಲ್ಲ ಸೇರಿಸಿ ಇಲ್ಲಿ ಬರೆದಿದ್ದೇನೆ. ಹೊಸದಾಗಿ ಗಾಳ ಹಿಡಿದವರು ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿವು.

ಮೀನು ಎರೆಯನ್ನು ಕಣ್ಣಿಂದ ನೋಡಿ ಬರುತ್ತದೋ, ವಾಸನೆಗೆ ಬರುತ್ತದೋ?

ಎರಡಕ್ಕೂ ಬರುತ್ತದೆ. ಯಾವುದು ಮೊದಲು ಅನ್ನೋದು ಮೀನಿನ ಜಾತಿ ಮತ್ತು ನೀರಿನ ಮೇಲೆ ನಿಂತಿದೆ. ಮಳೆಗಾಲದಲ್ಲಿ ನಮ್ಮ ಕೆರೆಗಳ ನೀರು ಹಾಲು ಹಾಕಿದ ಚಹಾದ ಹಾಗಿರುತ್ತದೆ. ಮೊಣಕೈವರೆಗೆ ಕೈ ಅದ್ದಿದರೆ ಬೆರಳು ಕಾಣುವುದಿಲ್ಲ. ಅಂಥ ನೀರಲ್ಲಿ ಕಣ್ಣಿಗೆ ಹೆಚ್ಚು ಕೆಲಸವಿಲ್ಲ. ದೂರದಿಂದ ಮೀನನ್ನು ಕರೆದು ತರುವುದು ವಾಸನೆ. ಹತ್ತಿರ ಬಂದ ಮೇಲೆ ನೀರಿನ ಸಣ್ಣ ಅಲುಗಾಟ, ಆಮೇಲೆ ಮೀಸೆ ಮತ್ತು ತುಟಿಯ ಸ್ಪರ್ಶ, ಕೊನೆಗೆ ರುಚಿ. ನುಂಗಬೇಕೋ ಉಗುಳಬೇಕೋ ಎಂದು ತೀರ್ಮಾನಿಸುವುದು ರುಚಿಯೇ. ಕೊರವದಂಥ ಬೇಟೆಗಾರ ಮೀನಿನ ಲೆಕ್ಕ ಬೇರೆ. ಅದಕ್ಕೆ ಚಲನೆಯೇ ಮುಖ್ಯ.

ನೀರೊಳಗೆ ವಾಸನೆ ಹೇಗೆ ಗೊತ್ತಾಗುತ್ತದೆ? ಮೀನಿಗೆ ಮೂಗಿದೆಯೇ?

ಇದೆ. ಮುಂದಿನ ಸಲ ಕಾಟ್ಲಾ ತಲೆ ಸಾರಿಗೆ ತಂದಾಗ ಕಣ್ಣಿನ ಮುಂದೆ ನೋಡಿ. ಎರಡೂ ಬದಿಯಲ್ಲಿ ಒಂದೊಂದು ಪುಟ್ಟ ಕುಳಿ, ಅದರ ನಡುವೆ ಚರ್ಮದ ಸಣ್ಣ ಪರದೆ. ಮೀನು ಮುಂದೆ ಈಜಿದಂತೆ ನೀರು ಮುಂದಿನ ತೂತಿನಿಂದ ಒಳಗೆ ಹೋಗಿ ಹಿಂದಿನ ತೂತಿನಿಂದ ಹೊರಗೆ ಬರುತ್ತದೆ. ಒಳಗೆ ಹೂವಿನ ಎಸಳುಗಳ ಹಾಗೆ ಮಡಿಕೆಗಳಿವೆ. ವಾಸನೆ ಹಿಡಿಯುವುದು ಅವು. ಈ ಮೂಗಿಗೂ ಉಸಿರಾಟಕ್ಕೂ ಸಂಬಂಧವಿಲ್ಲ, ಉಸಿರಾಟಕ್ಕೆ ಕಿವಿರು ಬೇರೆಯೇ ಇದೆ.

ಎರೆಯ ವಿಚಾರದಲ್ಲಿ ಇದಕ್ಕಿಂತ ಮುಖ್ಯವಾದ ಮಾತು ಬೇರೊಂದಿಲ್ಲ ಎಂದು ನನಗನ್ನಿಸುತ್ತದೆ: ನಮ್ಮ ಮೂಗಿಗೆ ಬರುವುದು ಗಾಳಿಯಲ್ಲಿ ಹಾರುವ ವಾಸನೆ, ಮೀನಿನ ಮೂಗಿಗೆ ಬರುವುದು ನೀರಲ್ಲಿ ಕರಗುವ ವಸ್ತು. ನಮಗೆ ಘಮ್ಮೆನ್ನುವುದು ಮೀನಿಗೆ ಏನೂ ಅಲ್ಲದಿರಬಹುದು. ನಮಗೆ ಏನೂ ವಾಸನೆ ಇಲ್ಲ ಅನ್ನಿಸಿದ್ದು ಅದಕ್ಕೆ ಊಟದ ಕರೆಯಾಗಿರಬಹುದು. ಮೀನನ್ನು ಎಳೆಯುವ ವಸ್ತುಗಳಲ್ಲಿ ಮೊದಲ ಸಾಲಿನಲ್ಲಿರುವುದು ಅಮೈನೋ ಆಮ್ಲಗಳು, ಅಂದರೆ ಪ್ರೋಟೀನಿನ ಬಿಡಿ ತುಣುಕುಗಳು. ಇವು ನೀರಲ್ಲಿ ಸಲೀಸಾಗಿ ಕರಗುತ್ತವೆ. ಹುಳ, ಸಿಗಡಿ, ಬಸವನಹುಳು, ಯಾವ ಜೀವಿಗೆ ಗಾಯವಾದರೂ ಮೊದಲು ನೀರಿಗೆ ಸೋರುವುದು ಇವೇ.

ಅಮೆರಿಕದ ನದಿಗಳಲ್ಲಿರುವ ಚಾನೆಲ್ ಕ್ಯಾಟ್‌ಫಿಷ್ ಎಂಬ ಮೀಸೆ ಮೀನಿನ ಮೇಲೆ ಈ ಬಗ್ಗೆ ಬಹಳ ಕೆಲಸ ನಡೆದಿದೆ. ಅಲನೈನ್ ಎಂಬ ಅಮೈನೋ ಆಮ್ಲ ಹತ್ತು ಲಕ್ಷ ಲೀಟರ್ ನೀರಿನಲ್ಲಿ ಒಂದು ಗ್ರಾಮಿನ ಹತ್ತನೇ ಒಂದು ಭಾಗದಷ್ಟಿದ್ದರೂ ಅದರ ರುಚಿನರಗಳಿಗೆ ತಿಳಿಯುತ್ತದೆ.

ಎರೆಹುಳು ಹೆಚ್ಚುಕಡಿಮೆ ಎಲ್ಲ ಮೀನಿಗೂ ಆಗುವುದೇಕೆ?

ಕನ್ನಡದಲ್ಲಿ ಅದರ ಹೆಸರಲ್ಲೇ ಅದರ ಕೆಲಸವಿದೆ. 'ಎರೆ' ಅಂದರೆ ಹಕ್ಕಿ, ಹಾವುಗಳ ಆಹಾರ. ಗಾಳಕ್ಕೆ ಚುಚ್ಚುವ ತಿನಿಸೂ ಹೌದು. ಹಿಂದಿನವರು ಆ ಹುಳವನ್ನು ಮೊದಲು ಗುರುತಿಸಿದ್ದೇ ಮೀನಿನ ಜೊತೆಗಿಟ್ಟು.

ಕಾರಣ ಒಂದಲ್ಲ. ಹುಳಕ್ಕೆ ಗಾಳ ಚುಚ್ಚಿದ ಕ್ಷಣದಿಂದ ಅದರ ಮೈಯ ರಸ ನೀರಿಗೆ ಇಳಿಯುತ್ತದೆ, ಆ ರಸದ ತುಂಬ ಅಮೈನೋ ಆಮ್ಲಗಳು. ಹುಳ ಹೊರಳಾಡುವುದರಿಂದ ಹತ್ತಿರದ ಮೀನಿಗೆ ನೀರಿನ ಅಲುಗಾಟ ತಿಳಿಯುತ್ತದೆ. ಮೈ ಮೆತ್ತಗೆ, ಚಿಪ್ಪಿಲ್ಲ, ಮುಳ್ಳಿಲ್ಲ, ಬಾಯಿಗೆ ತೆಗೆದುಕೊಂಡ ಮೀನು ಬೇಗ ಉಗುಳುವುದಿಲ್ಲ. ಇದೆಲ್ಲದರ ಜೊತೆಗೆ ಪರಿಚಯವೂ ಇದೆ. ಮುಂಗಾರಿನ ಮೊದಲ ಜೋರು ಮಳೆಗೆ ಗದ್ದೆ ಬದುಗಳಿಂದ ಎರೆಹುಳುಗಳು ಕೊಚ್ಚಿಕೊಂಡು ಕೆರೆಗೆ ಬರುತ್ತವೆ. ಕೆರೆಗೆ ಹಳ್ಳ ಬಂದು ಸೇರುವ ಜಾಗದಲ್ಲಿ ಆ ದಿನಗಳಲ್ಲಿ ಮೀನು ಕಾದು ನಿಂತಿರುತ್ತದೆ. ಅಲ್ಲಿ ಒಂದು ಹುಳ ಇಳಿಬಿಟ್ಟರೆ ಮೀನಿಗೆ ಅನುಮಾನ ಬರುವ ಮಾತೇ ಇಲ್ಲ.

ಚುಚ್ಚುವ ವಿಧಾನದಲ್ಲೇ ಬಹಳ ಜನ ಕೆಡಿಸುತ್ತಾರೆ. ಹುಳವನ್ನು ಪೂರ್ತಿ ಗಾಳಕ್ಕೆ ಪೋಣಿಸಿ ಉಂಡೆ ಮಾಡಿದರೆ ಅದು ಅಲ್ಲೇ ಸಾಯುತ್ತದೆ. ನಮ್ಮ ಮಾವ ಹುಳವನ್ನು ಅಂಗೈ ಮೇಲೆ ಒಣ ಮಣ್ಣಲ್ಲಿ ಒಮ್ಮೆ ಹೊರಳಿಸುತ್ತಿದ್ದರು, ಜಾರದಿರಲಿ ಎಂದು. ದಪ್ಪನೆಯ ಪಟ್ಟಿ ಇರುವ ಕಡೆಯಿಂದ ಮುಳ್ಳು ತೂರಿಸಿ, ಮುಕ್ಕಾಲು ಭಾಗ ಏರಿಸಿ, ಬಾಲದ ಒಂದು ಅಂಗುಲವನ್ನು ಸಡಿಲವಾಗಿ ಬಿಡುತ್ತಿದ್ದರು. ನೀರಲ್ಲಿ ಆ ಬಾಲ ಸುರುಳಿಯಾಗಿ ಬಿಚ್ಚುವುದನ್ನು ದಡದಲ್ಲಿ ಬೊಗಸೆ ನೀರೊಳಗೆ ಇಟ್ಟು ನನಗೆ ತೋರಿಸಿದ್ದರು. ಅವತ್ತಿಂದ ನಾನು ಬೇರೆ ರೀತಿ ಚುಚ್ಚಿಲ್ಲ. ಹತ್ತು ಹದಿನೈದು ನಿಮಿಷಕ್ಕೆ ಹುಳ ಬಿಳಿಚಿಕೊಂಡು ಸೊರಗುತ್ತದೆ. ಅದರ ರಸವೆಲ್ಲ ಸೋರಿ ಹೋಗಿದೆ ಎಂದರ್ಥ. ಆಗ ಬದಲಾಯಿಸಿ.

ರಾಗಿ ಹಿಟ್ಟಿಗೆ ಮೀನು ಬರುತ್ತದಲ್ಲ, ರಾಗಿಯಲ್ಲಿ ಅಂಥದ್ದೇನಿದೆ?

ಬರೀ ರಾಗಿಯಲ್ಲಿ ಅಷ್ಟೇನೂ ಇಲ್ಲ. ನೂರು ಗ್ರಾಂ ರಾಗಿಯಲ್ಲಿ ಪ್ರೋಟೀನ್ ಸುಮಾರು 7 ಗ್ರಾಂ ಮಾತ್ರ, ಉಳಿದದ್ದು ಹೆಚ್ಚಾಗಿ ಪಿಷ್ಟ. ಪಿಷ್ಟ ತಣ್ಣೀರಲ್ಲಿ ಕರಗುವುದಿಲ್ಲ, ದೂರಕ್ಕೆ ವಾಸನೆ ಕಳಿಸುವುದೂ ಇಲ್ಲ. ರಾಗಿಯ ಗುಣ ಅದರ ಅಂಟು. ಬೇಯಿಸಿ ತಿರುವಿದ ರಾಗಿ ಮುದ್ದೆ ಗಾಳಕ್ಕೆ ಗಟ್ಟಿಯಾಗಿ ಕೂರುತ್ತದೆ, ಬೀಸಿದಾಗ ಕಳಚುವುದಿಲ್ಲ, ಸಣ್ಣ ಮೀನುಗಳು ಕುಟುಕಿದರೂ ಒಡನೆ ಖಾಲಿಯಾಗುವುದಿಲ್ಲ. ಕರೆಯುವ ಕೆಲಸಕ್ಕೆ ಅದರೊಳಗೆ ಬೇರೆ ಏನಾದರೂ ಸೇರಿಸಬೇಕು.

ಅದಕ್ಕೆ ನಮ್ಮ ಕಡೆ ಕಡಲೆಕಾಯಿ ಹಿಂಡಿ. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯಲ್ಲಿ ಹೆಚ್ಚುಕಡಿಮೆ ಶೇಕಡಾ 40ರಷ್ಟು ಪ್ರೋಟೀನ್ ಇದೆ. ಹಿಂಡಿ ಕೆಲಸ ಮಾಡುವುದಕ್ಕೆ ಇನ್ನೊಂದು ಕಾರಣವೂ ಇದೆ, ನನ್ನ ಪ್ರಕಾರ ಅದೇ ದೊಡ್ಡದು. ಮೀನು ಸಾಕುವವರು ಕಾಟ್ಲಾ, ರೋಹು, ಮೃಗಾಲ್‌ಗಳಿಗೆ ದಶಕಗಳಿಂದ ಹಾಕುತ್ತಿರುವ ಮೇವು ಅಕ್ಕಿ ತೌಡು ಮತ್ತು ಕಡಲೆಕಾಯಿ ಹಿಂಡಿ, ಸಮಸಮ ಬೆರೆಸಿದ್ದು. ನಮ್ಮ ಕೆರೆಗಳಿಗೆ ಬಿಡುವ ಬಿತ್ತನೆ ಮೀನಿನ ಮರಿಗಳು ಕೊಳದಲ್ಲಿ ಇದನ್ನೇ ತಿಂದು ಬೆಳೆದಿರುತ್ತವೆ. ಈ ವಾಸನೆ ಅಂದರೆ ಊಟ ಎಂದು ಅವು ಮರಿಯಾಗಿದ್ದಾಗಲೇ ಕಲಿತಿವೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ ನೋಡಿ. ಎರಡು ಗಾಜಿನ ಲೋಟದಲ್ಲಿ ಕೆರೆ ನೀರು ತುಂಬಿ. ಒಂದಕ್ಕೆ ಹಸಿ ಹಿಟ್ಟು ಕಲಸಿದ ಗೋಲಿ ಗಾತ್ರದ ಉಂಡೆ ಹಾಕಿ. ಇನ್ನೊಂದಕ್ಕೆ ಬೇಯಿಸಿ ಹಿಂಡಿಪುಡಿ ನಾದಿದ ಉಂಡೆ ಹಾಕಿ. ಹಸಿ ಉಂಡೆ ಸ್ವಲ್ಪ ಹೊತ್ತಿಗೆ ಬಿರುಕು ಬಿಟ್ಟು ತಳಕ್ಕೆ ಉದುರುತ್ತದೆ. ಬೆಂದ ಉಂಡೆ ಆಕಾರದಲ್ಲೇ ಇರುತ್ತದೆ, ಅದರ ಸುತ್ತ ತೆಳುವಾದ ಮಬ್ಬು ಹೊಗೆಯ ಹಾಗೆ ಬಿಚ್ಚಿಕೊಳ್ಳುತ್ತದೆ. ಒಳ್ಳೆಯ ಹಿಟ್ಟಿನ ಗುರುತು ಆ ಮಬ್ಬು. ಉಂಡೆ ಕಲ್ಲಿನ ಹಾಗೆ ಕೂತು ಮಬ್ಬೇ ಬರದಿದ್ದರೆ ನೀವು ಹೆಚ್ಚು ನಾದಿದ್ದೀರಿ.

ನನ್ನ ಅಳತೆ ಇದು: ಎರಡು ಲೋಟ ರಾಗಿ ಹಿಟ್ಟಿಗೆ ಒಂದು ಲೋಟ ಹುರಿದು ಪುಡಿ ಮಾಡಿದ ಹಿಂಡಿ. ರಾಗಿಯನ್ನು ಗಟ್ಟಿ ಮುದ್ದೆ ಮಾಡಿ, ಕೈಗೆ ತಡೆಯುವಷ್ಟು ಆರಿದ ಮೇಲೆ ಹಿಂಡಿ ಸೇರಿಸಿ ಕಿವಿಯ ಹಾಲೆಯಷ್ಟು ಮೆತ್ತಗಾಗುವವರೆಗೆ ನಾದುವುದು. ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ದಿನವಿಡೀ ಬರುತ್ತದೆ.

ಕಾವೇರಿಯ ದೊಡ್ಡ ಬಿಳಿ ಮೀನಿಗೂ ರಾಗಿ ಮುದ್ದೆಯನ್ನೇ ಹಾಕುತ್ತಿದ್ದರಂತೆ, ಹೌದೇ?

ಹೌದು. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಯ ಮೀನುಗಾರಿಕೆ ಶಿಬಿರಗಳಿಗೆ ಒಂದು ಕಾಲದಲ್ಲಿ ದೇಶವಿದೇಶಗಳಿಂದ ಜನ ಬರುತ್ತಿದ್ದರು. ಜೊತೆಗಿರುತ್ತಿದ್ದ ಸ್ಥಳೀಯರು ಬೇಯಿಸಿದ ರಾಗಿ ಹಿಟ್ಟಿಗೆ ಮಸಾಲೆ ಸೇರಿಸಿ ಕೈತುಂಬುವ ಉಂಡೆ ಕಟ್ಟಿಕೊಡುತ್ತಿದ್ದರು. ಉಂಡೆ ಅಷ್ಟು ದೊಡ್ಡದಾಗಿರುವುದಕ್ಕೆ ಕಾರಣವಿದೆ: ಹರಿಯುವ ನೀರಲ್ಲಿ ಸಣ್ಣ ಮೀನುಗಳು ಕುಟುಕಿ ಮುಗಿಸುವ ಮೊದಲು ದೊಡ್ಡ ಮೀನು ತಲುಪಬೇಕು. ಬಿಳಿ ಮೀನು, ಅಂದರೆ ಮಹಶೀರ್, ಕಾಯಿ, ಏಡಿ, ಬಸವನಹುಳು, ಸಣ್ಣ ಮೀನು ಎಲ್ಲವನ್ನೂ ತಿನ್ನುತ್ತದೆ. ಗಂಟಲೊಳಗಿನ ಹಲ್ಲಿನಿಂದ ಚಿಪ್ಪನ್ನೂ ಪುಡಿ ಮಾಡುತ್ತದೆ. 1946ರಲ್ಲಿ ಮೈಸೂರಿನ ವಾನ್ ಇಂಗನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗುವ ಮೀನು ಹಿಡಿದ ದಾಖಲೆ ಇದೆ.

ಈಗ ಆ ಕೆಲಸಕ್ಕೆ ಯಾರೂ ಇಳಿಯಬಾರದು. ಕಾವೇರಿ ವನ್ಯಜೀವಿಧಾಮದೊಳಗೆ ಗಾಳ ಹಾಕುವುದು ನಿಂತಿದೆ. ಕಿತ್ತಳೆ ರೆಕ್ಕೆಯ, ಬೆನ್ನು ಉಬ್ಬಿದ ಆ ಮಹಶೀರ್ ತಳಿ 2018ರಲ್ಲಿ ಅಂತರರಾಷ್ಟ್ರೀಯ ಕೆಂಪು ಪಟ್ಟಿಯ ಅತಿ ಗಂಭೀರ ಅಪಾಯದ ವರ್ಗಕ್ಕೆ ಸೇರಿತು. ಕಾವೇರಿ ಕೊಳ್ಳ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಅದಿಲ್ಲ.

ಶೃಂಗೇರಿಯ ಮೀನುಗಳು ಮಂಡಕ್ಕಿಗೆ ಮುಗಿಬೀಳುತ್ತವೆ. ಮಂಡಕ್ಕಿ ಒಳ್ಳೆಯ ಎರೆಯೇ?

ಅಲ್ಲಿ ಮಂಡಕ್ಕಿಗಿಂತ ಮನುಷ್ಯನ ನೆರಳು ದೊಡ್ಡ ಎರೆ. ತುಂಗೆಯ ಮೆಟ್ಟಿಲ ಮೇಲೆ ಯಾರು ಬಂದು ನಿಂತರೂ ಮೀನು ಗುಂಪುಗೂಡುತ್ತದೆ, ಇನ್ನೂ ಕಾಳು ಬಿದ್ದಿರುವುದಿಲ್ಲ. ರಾಮನಾಥಪುರದಲ್ಲೂ ಶಿಶಿಲದಲ್ಲೂ ಹೀಗೇ. ತಲೆಮಾರುಗಳಿಂದ ಭಕ್ತರು ತಿನ್ನಿಸಿದ್ದರಿಂದ ಮೀನು ಕಲಿತ ಪಾಠ ಇದು. ಅದೇ ಮಂಡಕ್ಕಿಯನ್ನು ಜನ ಹೋಗದ ಹೊಳೆಗೆ ಹಾಕಿದರೆ ತೇಲಿ ಹೋಗುವುದೇ ಹೆಚ್ಚು. ದೇವರ ಮೀನಿನ ಜಾಗದಲ್ಲಿ ಗಾಳದ ಮಾತೇ ಬೇಡ.

ಇಂಗು, ಬೆಳ್ಳುಳ್ಳಿ, ಏಲಕ್ಕಿ, ವೆನಿಲ್ಲಾ ಎಸೆನ್ಸ್ ಸೇರಿಸಬೇಕೇ?

ಸೇರಿಸಿದರೆ ಸಾಮಾನ್ಯವಾಗಿ ಕೆಡುವುದಿಲ್ಲ. ಆದರೆ ಜನ ನಂಬಿರುವಷ್ಟು ಕೆಲಸವನ್ನು ಇವು ಮಾಡುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಇಂಗು, ಬೆಳ್ಳುಳ್ಳಿ, ಏಲಕ್ಕಿಯ ಘಮದ ಬಹುಪಾಲು ಎಣ್ಣೆಯಂಶದಿಂದ ಬರುತ್ತದೆ. ಎಣ್ಣೆ ನೀರಲ್ಲಿ ಕರಗುವುದಿಲ್ಲ, ಬಿಡಿಸಿಕೊಂಡು ಮೇಲೆ ತೇಲುತ್ತದೆ. ಡಬ್ಬಿ ಮುಚ್ಚಳ ತೆರೆದಾಗ ನಮ್ಮ ಮೂಗಿಗೆ ಹೊಡೆಯುವ ವಾಸನೆಯೇ ಮೀನಿಗೂ ಹೊಡೆಯುತ್ತದೆ ಎಂದುಕೊಳ್ಳುವುದು ತಪ್ಪು.

ಒಂದು ಉಪಯೋಗ ಮಾತ್ರ ಇದೆ. ಒಂದೇ ಜಾಗದಲ್ಲಿ ಮೂರ್ನಾಲ್ಕು ದಿನ ಒಂದೇ ವಾಸನೆಯ ಮೇವು ಹಾಕಿ, ಆಮೇಲೆ ಅದೇ ವಾಸನೆಯ ಹಿಟ್ಟನ್ನು ಗಾಳಕ್ಕೆ ಹಾಕಿದರೆ ಆ ವಾಸನೆ ಮೀನಿಗೆ ಗುರುತಾಗಿರುತ್ತದೆ. ಅಲ್ಲಿ ಇಂಗಿದ್ದರೂ ಒಂದೇ, ಸೋಂಪಿದ್ದರೂ ಒಂದೇ. ನೂರಾರು ರೂಪಾಯಿ ಕೊಟ್ಟು ಗುಟ್ಟಿನ ಪುಡಿ ತರುವುದಕ್ಕಿಂತ ಆ ದುಡ್ಡಿಗೆ ಹೊಸ ಹಿಂಡಿ ತನ್ನಿ. ಮುಗ್ಗಿದ ಹಿಂಡಿ ಮಾತ್ರ ಬೇಡ.

ಹುಳಿ ಬಂದ ಹಿಟ್ಟಿಗೆ ಹೆಚ್ಚು ಮೀನು ಬರುತ್ತದೆ ಅನ್ನುತ್ತಾರೆ. ನಿಜವೇ?

ನನ್ನ ಅನುಭವದಲ್ಲಿ ನಿಜ, ಅದಕ್ಕೊಂದು ಕಾರಣವೂ ಇದೆ. ಹಿಂಡಿಯ ಪ್ರೋಟೀನ್ ಇಡಿಯಾಗಿದ್ದಾಗ ದೊಡ್ಡ ಅಣು. ಅದು ನೀರಿಗೆ ನಿಧಾನವಾಗಿ ಇಳಿಯುತ್ತದೆ. ರಾತ್ರಿಯಿಡೀ ನೆನೆಸಿ ಹುಳಿಯಲು ಬಿಟ್ಟಾಗ ಸೂಕ್ಷ್ಮಜೀವಿಗಳು ಅದನ್ನು ಒಡೆಯುತ್ತವೆ, ಮೀನು ಗುರುತಿಸುವ ಬಿಡಿ ತುಣುಕುಗಳು ಹೊರಬರುತ್ತವೆ. ಹಿಂಡಿಯನ್ನು ಹಿಂದಿನ ರಾತ್ರಿ ನೆನೆಸಿಟ್ಟು ಬೆಳಿಗ್ಗೆ ರಾಗಿಗೆ ಸೇರಿಸಿ. ಎರಡು ದಿನ ದಾಟಿ ಬೂಸ್ಟು ಬಂದರೆ ಎಸೆಯಿರಿ.

ಕೊಳೆತ ಕೋಳಿ ಕರುಳಿಗೆ ಮೀಸೆ ಮೀನು ಬರುತ್ತದಲ್ಲ?

ಬರುತ್ತದೆ. ಮೀಸೆ ಮೀನುಗಳಿಗೆ ರುಚಿಮೊಗ್ಗು ಇರುವುದು ಬಾಯಲ್ಲಷ್ಟೇ ಅಲ್ಲ. ಮೀಸೆಯ ಮೇಲೆ, ತುಟಿಯ ಮೇಲೆ, ಮೈ ಚರ್ಮದ ತುಂಬ. ಆಗಲೇ ಹೇಳಿದ ಚಾನೆಲ್ ಕ್ಯಾಟ್‌ಫಿಷ್‌ನ ಮೈಮೇಲೆ ಒಂದು ಲಕ್ಷಕ್ಕೂ ಹೆಚ್ಚು ರುಚಿಮೊಗ್ಗುಗಳಿವೆ. ಕತ್ತಲಲ್ಲಿ, ಕೆಸರಲ್ಲಿ ಎಡಗಡೆ ಹೆಚ್ಚು ರುಚಿಯೋ ಬಲಗಡೆಯೋ ಎಂದು ಮೈಯಿಂದಲೇ ತಿಳಿದು ಆ ಕಡೆ ತಿರುಗುತ್ತದೆ. ಸೋರುವ ರಸ ಹೆಚ್ಚಿದ್ದಷ್ಟೂ ಅದಕ್ಕೆ ಅನುಕೂಲ.

ಆದರೂ ಕೊಳೆತದ್ದು ಬೇಡ ಅನ್ನುತ್ತೇನೆ. ಬಾಳೆ ಎಂಬ ಮೀಸೆ ಮೀನಿಗೆ ತಾಜಾ ಸಣ್ಣ ಮೀನು ಇನ್ನೂ ಚೆನ್ನಾಗಿ ಆಗುತ್ತದೆ. ಕೋಳಿ ಅಂಗಡಿಯ ಕಸವನ್ನು ಕೆರೆಗೆ ತಂದು ಸುರಿಯುವ ಅಭ್ಯಾಸದಿಂದ ನಮ್ಮ ನೀರು ಕೆಟ್ಟಿದೆ. 2000ನೇ ಇಸವಿಯಲ್ಲೇ ನಿಷೇಧವಾದ ಆಫ್ರಿಕನ್ ಕ್ಯಾಟ್‌ಫಿಷ್ ಅನ್ನು ಕದ್ದು ಸಾಕುವವರು ಹಾಕುವುದೂ ಇದೇ ಕಸವನ್ನು. ಆ ಮೀನು ಹೊಂಡದಿಂದ ತಪ್ಪಿಸಿಕೊಂಡು ಕೆರೆ ಸೇರಿದರೆ ಊರಿನ ಮೀನುಗಳನ್ನು ಉಳಿಸುವುದಿಲ್ಲ. ಗಾಳಕ್ಕೆ ಬಿದ್ದರೆ ಮತ್ತೆ ನೀರಿಗೆ ಬಿಡಬೇಡಿ.

ಕೊರವ ಮೀನು ಕಪ್ಪೆಯ ಮೇಲೆ ಹಾರುವುದು ಏಕೆ? ರಬ್ಬರ್ ಕಪ್ಪೆಗೂ ಹಾರುತ್ತದೆ, ಅದಕ್ಕೆ ವಾಸನೆಯೇ ಇಲ್ಲವಲ್ಲ?

ವಾಸನೆ ಅದಕ್ಕೆ ಬೇಕಿಲ್ಲ. ಕೊರವ ಹೊಂಚುಹಾಕುವ ಮೀನು. ತಾವರೆ ಎಲೆಯ ಕೆಳಗೆ, ಜೊಂಡಿನ ಬುಡದಲ್ಲಿ ಅಲುಗಾಡದೆ ನಿಂತಿರುತ್ತದೆ. ಮೀನಿನ ಮೈ ಪಕ್ಕದಲ್ಲಿ ಕಿವಿರಿನಿಂದ ಬಾಲದವರೆಗೆ ಒಂದು ಗೆರೆ ಕಾಣುತ್ತದಲ್ಲ, ಅದು ಪಾರ್ಶ್ವರೇಖೆ. ಅದರೊಳಗಿನ ಸೂಕ್ಷ್ಮ ಕೂದಲಿನಂಥ ಕೋಶಗಳು ನೀರಿನ ಒತ್ತಡದ ಸಣ್ಣ ಬದಲಾವಣೆಯನ್ನೂ ಹಿಡಿಯುತ್ತವೆ. ಎಲೆಗಳ ನಡುವೆ ಕಪ್ಪೆ ಕುಪ್ಪಳಿಸಿದರೆ ಆ ಅಲೆ ಕೊರವದ ಮೈಗೆ ತಾಗುತ್ತದೆ, ತಿರುಗಿ ನೋಡಿದರೆ ಆಕಾಶದ ಬೆಳಕಿಗೆ ಎದುರಾಗಿ ಕಪ್ಪು ಆಕಾರ. ಅಷ್ಟು ಸಾಕು, ನೆಗೆಯುತ್ತದೆ. ರಬ್ಬರ್ ಕಪ್ಪೆಯನ್ನು ಎಳೆಯುವಾಗ ಎರಡು ಎಳೆತ, ಒಂದು ನಿಲುಗಡೆ ಕೊಡಿ. ಬಹಳ ಸಲ ಹೊಡೆತ ಬೀಳುವುದು ನಿಲ್ಲಿಸಿದಾಗ.

ಜೀವಂತ ಕಪ್ಪೆ ಬೇಡವೇ ಬೇಡ. ಗೋಂಕರುಕಪ್ಪೆ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿದೆ.

ಇನ್ನೊಂದು ಮಾತನ್ನು ಮನಸ್ಸಿಟ್ಟು ಕೇಳಿ. ನೀರ ಮೇಲೆ ಕೆಂಪಗೆ ಮರಿಗಳ ಗುಂಪು ಕುದಿಯುವ ಹಾಗೆ ಕಂಡರೆ ಅದರ ಕೆಳಗೆ ತಾಯಿ ತಂದೆ ಕೊರವಗಳು ಕಾವಲಿರುತ್ತವೆ. ಅಲ್ಲಿ ಏನು ಬಿದ್ದರೂ ಕಚ್ಚುತ್ತವೆ, ಹಸಿವಿಂದ ಅಲ್ಲ, ಮರಿ ಉಳಿಸಲು. ಆ ಮೀನನ್ನು ಹಿಡಿದರೆ ಗುಂಪಿನ ಅಷ್ಟೂ ಮರಿಗಳು ಬೇರೆ ಮೀನುಗಳ ಬಾಯಿಗೆ ಹೋಗುತ್ತವೆ. ಅಂಥ ಜಾಗದಿಂದ ದಾರ ಸುತ್ತಿಕೊಂಡು ಎದ್ದುಬನ್ನಿ.

ಎರೆಯ ಬಣ್ಣ ಮುಖ್ಯವೇ?

ತಿಳಿನೀರಲ್ಲಿ ಮುಖ್ಯ. ಕಾಟ್ಲಾ, ರೋಹು, ಮೃಗಾಲ್‌ನಂಥ ಗೆಂಡೆ ಜಾತಿಯ ಮೀನುಗಳು ಬಣ್ಣ ಗುರುತಿಸುತ್ತವೆ. ಆದರೆ ನೀರು ಬಣ್ಣಗಳನ್ನು ತಿನ್ನುತ್ತದೆ. ತಿಳಿಯಾದ ಸಮುದ್ರದಲ್ಲಿ ಮೊದಲು ಮಾಯವಾಗುವುದು ಕೆಂಪು. ಕೆಲವು ಮೀಟರ್ ಆಳದಲ್ಲೇ ಅದು ಕಪ್ಪಾಗಿ ಕಾಣುತ್ತದೆ. ಕೆಂಪುಮಣ್ಣಿನ ಕೆರೆಯ ಕದಡಿದ ನೀರಲ್ಲಿ ಇದು ತಿರುವುಮುರುವು: ನೀಲಿ ಬೇಗ ಸಾಯುತ್ತದೆ, ಕಿತ್ತಳೆ ಮತ್ತು ಕೆಂಪು ಸ್ವಲ್ಪ ಹೆಚ್ಚು ಉಳಿಯುತ್ತವೆ. ಹಿಟ್ಟಿಗೆ ಅರಿಶಿನ ಹಾಕುವವರು ಈ ಕಾರಣಕ್ಕೆ ಹಾಕಿದರೆ ಒಪ್ಪುತ್ತೇನೆ.

ಕರಾವಳಿಯಲ್ಲಿ ಎಲ್ಲರೂ ಸಿಗಡಿ, ಬೊಂಡಾಸ್ (ಸ್ಕ್ವಿಡ್) ಹಾಕುತ್ತಾರೆ. ಎರೆಹುಳು ಏಕೆ ಇಲ್ಲ?

ಎರೆಹುಳು ಉಪ್ಪುನೀರಲ್ಲಿ ಬೇಗ ಸತ್ತು ಸೊರಗುತ್ತದೆ, ಅಲ್ಲಿನ ಮೀನಿಗೆ ಅದರ ಪರಿಚಯವೂ ಇಲ್ಲ. ಸಿಗಡಿಯ ಬಲ ಎಲ್ಲಿಂದ ಬಂತು ಅನ್ನೋದು ನನಗೆ ತುಂಬ ಹಿಡಿಸಿದ ವಿಷಯ. ಸಮುದ್ರದ ಉಪ್ಪು ಮೈಯೊಳಗಿನ ನೀರನ್ನು ಹೀರದಂತೆ ತಡೆಯಲು ಸಿಗಡಿ, ಬೊಂಡಾಸ್, ಚಿಪ್ಪುಮೀನುಗಳು ತಮ್ಮ ಜೀವಕೋಶಗಳಲ್ಲಿ ಗ್ಲೈಸಿನ್, ಪ್ರೋಲಿನ್, ಬೀಟೇನ್‌ನಂಥ ವಸ್ತುಗಳನ್ನು ಬಿಡಿಯಾಗಿಯೇ ತುಂಬಿಟ್ಟುಕೊಂಡಿರುತ್ತವೆ. ಸಿಗಡಿ ನಮ್ಮ ನಾಲಿಗೆಗೆ ಸಿಹಿಯಾಗಿರುವುದಕ್ಕೂ ಇವೇ ಕಾರಣ. ಮೀನಿನ ಮೂಗು, ನಾಲಿಗೆ ಎರಡೂ ಹುಡುಕುವುದು ಇವನ್ನೇ. ಸಿಗಡಿಯ ತಲೆ ಮುರಿದು ಗಾಳಕ್ಕೆ ಹಾಕಿದರೆ ಆ ರಸ ನೇರ ನೀರಿಗೆ ಹೋಗುತ್ತದೆ. ಕಾಣೆ ಮೀನಿಗೆ ಸುಲಿದ ಸಣ್ಣ ತುಂಡು ಸಾಕು, ಅದರ ಬಾಯಿ ಚಿಕ್ಕದು. ಕೆಂಬೇರಿ ಮೀನಿಗೆ ಇಡೀ ಸಿಗಡಿ. ಅಲೆ ಜೋರಿರುವ ಕಡೆ, ಏಡಿ ಕಾಟ ಇರುವ ಕಡೆ ಬೊಂಡಾಸ್ ಮೇಲು. ಅದರ ಮಾಂಸ ರಬ್ಬರಿನ ಹಾಗೆ ಗಾಳ ಬಿಡುವುದಿಲ್ಲ. ಬೂತಾಯಿ, ಬಂಗುಡೆ ತುಂಡು ಹಾಕುವುದಾದರೆ ಅವತ್ತಿನದೇ ಇರಲಿ. ಫ್ರಿಜ್ಜಿನಲ್ಲಿ ವಾರವಿದ್ದ ಮೀನು ಒಂದು ಬೀಸಿಗೆ ಕಳಚಿ ಬೀಳುತ್ತದೆ.

ದಾರಕ್ಕೆ ಕಟ್ಟಿ ತೇಲಿಬಿಟ್ಟ ಬೆಂಡು ನಡುಗುತ್ತದೆ, ಎಳೆದರೆ ಗಾಳ ಖಾಲಿ. ಮೀನಿಗೆ ಎರೆ ಇಷ್ಟವಾಗಲಿಲ್ಲವೇ?

ಇಷ್ಟವಾಗಿದೆ, ಗಾಳ ಇಷ್ಟವಾಗಿಲ್ಲ. ಗೆಂಡೆ ಕಚ್ಚುವ ಮೀನಲ್ಲ, ಹೀರುವ ಮೀನು. ಅದಕ್ಕೆ ದವಡೆಯಲ್ಲಿ ಹಲ್ಲಿಲ್ಲ, ಹೊಟ್ಟೆಯಲ್ಲಿ ಜಠರವೂ ಇಲ್ಲ. ತಳದ ಕೆಸರನ್ನು ಆಹಾರದ ಸಮೇತ ಬಾಯಿಗೆ ಎಳೆದುಕೊಳ್ಳುತ್ತದೆ. ಬಾಯಿಯ ಮೇಲ್ಭಾಗದಲ್ಲಿ ರುಚಿಮೊಗ್ಗು ತುಂಬಿದ ಮೆತ್ತನೆಯ ಮಾಂಸದ ದಿಂಬಿದೆ. ಅದು ಕಾಳನ್ನು ಒತ್ತಿ ಹಿಡಿದುಕೊಂಡು ಮಣ್ಣು, ಕಲ್ಲು, ಕಡ್ಡಿಯನ್ನು ಹೊರಗೆ ಊದುತ್ತದೆ. ನಮ್ಮ ಅಜ್ಜಿಯರು ಮೊರದಲ್ಲಿ ಕೇರಿದ ಹಾಗೆ. ಈ ಕೆಲಸಕ್ಕಾಗಿಯೇ ಗೆಂಡೆಯ ಮೆದುಳಿನಲ್ಲಿ ಒಂದು ದೊಡ್ಡ ಭಾಗ ಮೀಸಲಿದೆ. ನಿಮ್ಮ ಉಕ್ಕಿನ ಗಾಳವೂ ಅದಕ್ಕೊಂದು ಕಲ್ಲು.

ಬೆಂಡಿನ ನಡುಕ ಅಂದರೆ ಒಳಗೆ ಈ ಕೇರುವ ಕೆಲಸ ನಡೆಯುತ್ತಿದೆ. ಆಗ ಎಳೆಯಬೇಡಿ. ಬೆಂಡು ಓರೆಯಾಗಿ ಜಾರಲು ಶುರುವಾದಾಗ, ಅಥವಾ ಮಲಗಿದಾಗ ಎಳೆಯಿರಿ. ಮಲಗಿತು ಅಂದರೆ ಮೀನು ಎರೆ ಬಾಯಲ್ಲಿಟ್ಟುಕೊಂಡು ತಲೆ ಎತ್ತಿದೆ ಎಂದರ್ಥ. ಗಾಳದ ಅಳತೆ ಸಣ್ಣದು ಮಾಡಿ, ಉಂಡೆಯನ್ನು ಮೆದು ಮಾಡಿ, ಅರ್ಧ ಸಮಸ್ಯೆ ಅಲ್ಲಿಗೇ ತೀರುತ್ತದೆ.

ಬೆಳ್ಳಿ ಗೆಂಡೆ ಯಾವ ಎರೆಗೂ ಬರುವುದಿಲ್ಲವಲ್ಲ?

ಅದು ನೀರನ್ನು ಸೋಸಿ ಹಸಿರು ಪಾಚಿಕಣ ತಿನ್ನುವ ಮೀನು. ಅದಕ್ಕೆ ಉಂಡೆ ಅನ್ನೋದು ಊಟವೇ ಅಲ್ಲ. ಕಾಟ್ಲಾ ಕೂಡ ಮೇಲ್ನೀರಲ್ಲಿ ಸೂಕ್ಷ್ಮಜೀವಿಗಳನ್ನು ತಿನ್ನುತ್ತದೆ, ಆದರೆ ಪುಡಿಪುಡಿಯಾಗಿ ಉದುರುವ ತೌಡಿನ ಹಿಟ್ಟಿಗೆ ಬರುತ್ತದೆ. ಅದಕ್ಕೆ ಎರೆಯನ್ನು ತಳಕ್ಕೆ ಬಿಡದೆ ನೀರಿನ ಮಧ್ಯಕ್ಕೂ ಮೇಲೆ ನಿಲ್ಲಿಸಿ. ಮೃಗಾಲ್‌ಗೂ ಸಾಮಾನ್ಯ ಗೆಂಡೆಗೂ ತಳವೇ ಸರಿ.

ಮಾತಾಡಿದರೆ ಮೀನು ಓಡುತ್ತದೆಯೇ?

ಮಾತಿಗಿಂತ ಕಾಲಿನ ಸದ್ದಿಗೆ ಓಡುತ್ತದೆ. ಗಾಳಿಯಲ್ಲಿನ ಮಾತು ನೀರಿಗೆ ಇಳಿಯುವುದು ಬಹಳ ಕಡಿಮೆ. ನೆಲದ ಅದುರು ನೇರ ಇಳಿಯುತ್ತದೆ. ಗೆಂಡೆ ಮತ್ತು ಮೀಸೆ ಮೀನುಗಳಿಗೆ ಗಾಳಿಚೀಲದಿಂದ ಒಳಕಿವಿಗೆ ಸಣ್ಣ ಮೂಳೆಗಳ ಸರಪಳಿ ಇದೆ. ಹಾಗಾಗಿ ಬೇರೆ ಎಷ್ಟೋ ಮೀನುಗಳಿಗಿಂತ ಅವಕ್ಕೆ ಚೆನ್ನಾಗಿ ಕೇಳಿಸುತ್ತದೆ. ಜೇನುನೊಣದ ಕುಣಿತವನ್ನು ಬಿಡಿಸಿ ಹೇಳಿದ ಕಾರ್ಲ್ ಫಾನ್ ಫ್ರಿಶ್ 1923ರಲ್ಲಿ ಕಣ್ಣಿಲ್ಲದ ಒಂದು ಮೀಸೆ ಮೀನಿಗೆ ಸಿಳ್ಳೆ ಹಾಕಿ ಊಟ ಕೊಟ್ಟು ಕಲಿಸಿದ್ದರು. ಆಮೇಲೆ ಸಿಳ್ಳೆ ಕೇಳಿದರೆ ಸಾಕು, ಅದು ಗೂಡಿನಿಂದ ಹೊರಗೆ ಬರುತ್ತಿತ್ತು.

ಕೈ ವಾಸನೆ ಎರೆಗೆ ಅಂಟಿದರೆ ತೊಂದರೆಯೇ?

ಕೆಲವು ಮೀನಿಗೆ ಹೌದು. ಕರಡಿ ಪಂಜ, ಮನುಷ್ಯನ ಕೈ ಅದ್ದಿದ ನೀರು ಹೊಳೆಗೆ ಸೇರಿದರೆ ಮೇಲಕ್ಕೆ ಏರುತ್ತಿದ್ದ ಸಾಲ್ಮನ್ ಮೀನುಗಳು ನಿಂತುಬಿಡುತ್ತವೆ ಎಂದು 1950ರ ದಶಕದಲ್ಲಿ ಕೆನಡಾದಲ್ಲಿ ತೋರಿಸಿದರು. ಕಾರಣ ಚರ್ಮದಲ್ಲಿರುವ ಸೆರೀನ್ ಎಂಬ ಅಮೈನೋ ಆಮ್ಲ. ನಮ್ಮ ಗೆಂಡೆ ಅಷ್ಟು ಸೂಕ್ಷ್ಮ ಅಲ್ಲ ಅನ್ನಿಸುತ್ತದೆ, ಬರಿಗೈಯಲ್ಲಿ ನಾದಿದ ಹಿಟ್ಟಿಗೇ ದಿನವೂ ಬರುತ್ತದೆ. ಆದರೆ ಪೆಟ್ರೋಲ್, ಬೀಡಿ, ಸೊಳ್ಳೆ ಮುಲಾಮು, ಸೋಪು ಇವುಗಳ ಕೈಯಲ್ಲಿ ಎರೆ ಮುಟ್ಟಬೇಡಿ. ಕೆರೆಯ ಮಣ್ಣಿನಿಂದಲೇ ಕೈ ಉಜ್ಜಿ ತೊಳೆದುಕೊಳ್ಳಿ.

ಇದಕ್ಕಿಂತ ಹೆಚ್ಚು ಹಾಳು ಮಾಡುವ ವಾಸನೆ ಇನ್ನೊಂದಿದೆ. ಗೆಂಡೆ ಜಾತಿಯ ಮೀನಿನ ಚರ್ಮಕ್ಕೆ ಗಾಯವಾದರೆ ಅದರಿಂದ ಒಂದು ಅಪಾಯದ ವಾಸನೆ ಹೊರಡುತ್ತದೆ, ಉಳಿದ ಗುಂಪು ಚದುರುತ್ತದೆ. ಇದನ್ನು ಕಂಡುಹಿಡಿದವರೂ ಅದೇ ಫ್ರಿಶ್, 1938ರಲ್ಲಿ. ಆದ್ದರಿಂದ ಕೂತ ಜಾಗದಲ್ಲೇ ಮೀನಿನ ಪೊರೆ ಕೆರೆದು ನೀರಿಗೆ ಹಾಕಬೇಡಿ.

ಏಪ್ರಿಲ್, ಮೇ ತಿಂಗಳ ಬೆಳಗಿನ ಜಾವ ಮೀನು ಕಣ್ಣೆದುರೇ ಬಾಯಿ ತೆರೆಯುತ್ತಿರುತ್ತದೆ, ಯಾವ ಎರೆಗೂ ಬರುವುದಿಲ್ಲ. ಏಕೆ?

ಅದು ಊಟಕ್ಕೆ ತೆರೆದ ಬಾಯಲ್ಲ, ಉಸಿರಿಗೆ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟರೆ 30 ಡಿಗ್ರಿಯಲ್ಲಿ ಅದು 7.5ರ ಆಸುಪಾಸಿಗೆ ಇಳಿಯುತ್ತದೆ. ಪಾಚಿ ತುಂಬಿದ ಕೆರೆಯಲ್ಲಿ ರಾತ್ರಿಯೆಲ್ಲ ಪಾಚಿಯೂ ಉಸಿರಾಡುವುದರಿಂದ ಬೆಳಗಿನ ಜಾವಕ್ಕೆ ಇನ್ನೂ ಕಡಿಮೆ. ಅರಗಿಸಿಕೊಳ್ಳಲು ಆಮ್ಲಜನಕ ಬೇಕು. ಉಸಿರಿಗೇ ಸಾಲದಾಗ ಮೀನು ತಿನ್ನುವುದಿಲ್ಲ. ಬಿಸಿಲೇರಿ ಎರಡು ಮೂರು ಗಂಟೆ ಕಳೆದ ಮೇಲೆ ಹೋಗಿ, ಗಾಳಿ ಬೀಸಿ ಅಲೆ ಬಡಿಯುವ ದಡ ಹುಡುಕಿ.

ಹೋದ ವರ್ಷ ಚೆನ್ನಾಗಿ ನಡೆದ ಹಿಟ್ಟು ಈ ವರ್ಷ ನಡೆಯುತ್ತಿಲ್ಲ.

ಮೀನು ಕಲಿತಿದೆ. ನೆದರ್ಲೆಂಡ್ಸ್‌ನಲ್ಲಿ ಗೆಂಡೆಗಳ ಮೇಲೆ ನಡೆಸಿ 1970ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಮ್ಮೆ ಗಾಳಕ್ಕೆ ಬಿದ್ದು ಬಿಡುಗಡೆಯಾದ ಮೀನು ಮತ್ತೆ ಬೀಳುವುದು ಬಹಳ ಕಡಿಮೆಯಾಯಿತು. ಹಿಡಿದು ಬಿಡುವವರು ಹೆಚ್ಚಿರುವ ಕೆರೆಯಲ್ಲಿ ಎರೆ ಬದಲಾಯಿಸುತ್ತಿರಬೇಕು. ಹಿಟ್ಟಿನಿಂದ ಬೇಯಿಸಿದ ಜೋಳದ ಕಾಳಿಗೆ, ಕಾಳಿನಿಂದ ಹುಳಕ್ಕೆ.

ಮುಂಗಾರಿನಲ್ಲಿ ಹತ್ತುಮೀನು ಸುಲಭವಾಗಿ ಸಿಗುತ್ತದೆ, ಆಗ ಯಾವ ಎರೆ?

ಆಗ ಯಾವುದೂ ಬೇಡ. ಮಲೆನಾಡಿನ ಹಳ್ಳಗಳಲ್ಲಿ ಏರಿ ಬರುವ ಆ ಮೀನಿನ ಹೊಟ್ಟೆ ತುಂಬ ಮೊಟ್ಟೆ. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಗೆಂಡೆಗಳು ಮೊಟ್ಟೆ ಇಡುವ ಕಾಲ. ಆ ಮೂರು ತಿಂಗಳು ಗಾಳ ಗೋಡೆಗೆ ನೇತಾಡಲಿ. ಉಳಿದ ದಿನಗಳಲ್ಲೂ ಕೆರೆ ಯಾರಿಗೆ ಗುತ್ತಿಗೆಯಾಗಿದೆ ಎಂದು ಪಂಚಾಯಿತಿಯಲ್ಲೋ ಮೀನುಗಾರಿಕೆ ಇಲಾಖೆಯಲ್ಲೋ ಕೇಳಿ, ಒಪ್ಪಿಗೆ ಪಡೆದು ಹೋಗಿ. ವಿಷ, ಸಿಡಿಮದ್ದು ಹಾಕುವುದು 1897ರ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಅಪರಾಧ. ಕಂಡರೆ ಸುಮ್ಮನಿರಬೇಡಿ.

ಉಳಿದ ಹಿಟ್ಟನ್ನು ಕೆರೆಗೇ ಹಾಕಿ ಬರಬಹುದೇ?

ಒಂದೆರಡು ಹಿಡಿ ಆದರೆ ಹಾಕಿ, ನಾಳೆಗೆ ಮೀನು ಆ ಜಾಗಕ್ಕೆ ಬರುತ್ತದೆ. ಅದಕ್ಕಿಂತ ಹೆಚ್ಚಿದ್ದರೆ ಬೇಡ. ತಿನ್ನದೆ ಉಳಿದದ್ದು ತಳದಲ್ಲಿ ಕೊಳೆತು ಅಲ್ಲಿನ ಆಮ್ಲಜನಕವನ್ನೇ ತಿನ್ನುತ್ತದೆ. ನಾನು ಮನೆಗೆ ತಂದು ಕೋಳಿಗಳಿಗೆ ಹಾಕುತ್ತೇನೆ. ಎರೆಹುಳು ಮಿಕ್ಕಿದ್ದರೆ ತೆಂಗಿನ ಮರದ ಬುಡದಲ್ಲಿ ಒದ್ದೆ ಸೋಗೆಯ ಕೆಳಗೆ ಬಿಡಿ. ಮುಂದಿನ ವಾರ ಅಲ್ಲೇ ಸಿಗುತ್ತವೆ.